ಎಲ್ಲರಿಗೂ ನಲವತ್ತು ನಿಮಿಷ

ನಮ್ಮ ಯಜಮಾನರಂಥ ಪುಕ್ಕಲು ಮನುಷ್ಯರನ್ನು ನಾನು ಬೇರೆಲ್ಲೂ ನೋಡಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುತ್ತಾರೆ. ನೋಡಿಕೊಂಡು ಹೋದವರು ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಮೂರು ಮಹಡಿ ಹತ್ತುತ್ತಾರೆ, ಏಕೆಂದರೆ ಲಿಫ್ಟ್ ಕಂಡರೂ ಭಯ. ಮಗುವಾಗಿದ್ದಾಗ ತೊಟ್ಟಿಲಲ್ಲೂ ಒಂದು ಕಣ್ಣು ತೆರೆದೇ ಮಲಗುತ್ತಿದ್ದರೆಂದು ಅತ್ತೆ ಹೇಳುತ್ತಾರೆ. ಇಂಥವರು ಹೊಟ್ಟೆಪಾಡಿಗೆ ಹಿಡಿದ ಕೆಲಸವಾದರೂ ಎಂಥದ್ದು? ದೊಡ್ಡ ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗಿ, ನೀವು ಬರೆದದ್ದು ನಿಜವೇ ಎಂದು ಕೇಳುವುದು.

ಕಂಪನಿಗಳು ವರ್ಷಕ್ಕೊಂದು ವರದಿ ಹೊರಡಿಸುತ್ತವೆ. ಎಷ್ಟು ನೀರು ಬಳಸಿದೆವು, ಎಷ್ಟು ಹೊಗೆ ಬಿಟ್ಟೆವು, ಕೆಲಸಗಾರರನ್ನು ಹೇಗೆ ನೋಡಿಕೊಂಡೆವು ಎಂಬುದೆಲ್ಲ ಅದರಲ್ಲಿರುತ್ತದೆ. ರಕ್ಷಾಪುಟದ ಮೇಲೆ ತಪ್ಪದೆ ಒಂದು ಹಸಿರು ಎಲೆ. ಜನ ಅದನ್ನು ನಂಬಬೇಕಾದರೆ ಹೊರಗಿನವರೊಬ್ಬರು ಬಂದು ತಾಳೆ ನೋಡಿ ಸಹಿ ಹಾಕಬೇಕು. ಆ ಹೊರಗಿನವರೇ ನಮ್ಮವರು. ನೀರಿನ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಕಿ ಓದುತ್ತಾರೆ, ಹಾಜರಿ ಪುಸ್ತಕ ತಿರುವುತ್ತಾರೆ. ಜೊತೆಗೆ ಹನ್ನೆರಡು ಜನ ಕೆಲಸಗಾರರನ್ನು ತಾವೇ ಆರಿಸಿ, ಮ್ಯಾನೇಜರುಗಳಿಲ್ಲದ ಕೋಣೆಯಲ್ಲಿ ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಾರೆ. ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.

ಈ ಮಾತುಕತೆಗೆ ಅವರದೊಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಬಾಯಿ ಬಿಡುವವರಿಗೂ ಹತ್ತೇ, ಬಾಯಿಗೆ ಬೀಗ ಹಾಕಿಕೊಂಡವರಿಗೂ ಹತ್ತೇ. ಏನೂ ಹೇಳದವರನ್ನು ಬಸ್ಸು, ಬಿಸಿಲು ಎಂದು ಮಾತಿಗೆಳೆದಾದರೂ ಹತ್ತು ತುಂಬಿಸಬೇಕು. ಹೊರಗೆ ನಿಂತವರಿಗೆ ಒಳಗಿನ ಮಾತು ಕೇಳಿಸದಿದ್ದರೂ ಗಡಿಯಾರ ಕಾಣುತ್ತದೆ. ಒಬ್ಬರು ಹೆಚ್ಚು ಹೊತ್ತು ಕೂತರೋ, ದೂರು ಹೇಳಿದ್ದು ಅವರೇ ಎಂದು ಗೊತ್ತಾಗಿಬಿಡುತ್ತದೆ. ಇಪ್ಪತ್ತೆರಡು ವರ್ಷ ಈ ಪದ್ಧತಿ ಬಿಡದ ಮನುಷ್ಯ ಒಂದು ಮಂಗಳವಾರ ಎಡವಿದರು.

ಅಂದು ಹೋಗಿದ್ದು ತಗಡಿನ ಡಬ್ಬ ತಯಾರಿಸುವ ಕಾರ್ಖಾನೆಗೆ. ಗೇಟಿನ ಒಳಗೇ ಆಳೆತ್ತರದ ಬೋರ್ಡು: ಗಾಯದಿಂದ ಒಬ್ಬರ ಒಂದು ದಿನದ ಕೆಲಸವೂ ತಪ್ಪದೆ ಸಾವಿರದ ನೂರು ದಿನ. ವರದಿಯಲ್ಲೂ ಗಾಯದಿಂದ ತಪ್ಪಿದ ಕೆಲಸದ ದಿನಗಳ ಜಾಗದಲ್ಲಿ ಸೊನ್ನೆ. ಮಾತುಕತೆಗೆ ಊಟದ ಹಾಲಿನ ಪಕ್ಕದ ಗಾಜಿನ ಕೋಣೆ ಕೊಟ್ಟಿದ್ದರು. ಆರು ಜನ ಬಂದು, ಎಲ್ಲ ಚೆನ್ನಾಗಿದೆ ಎಂದು ಹೇಳಿ ಹೋದರು. ಏಳನೆಯವಳು ಪ್ರೆಸ್ ಮಷಿನ್ನಿನ ಹೆಂಗಸು. ಗಾಜಿಗೆ ಬೆನ್ನು ಹಾಕಿ ಕೂತವಳು ಒಂಬತ್ತು ನಿಮಿಷ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಶುರುಮಾಡಿದಳು.

"ನನ್ನ ಓರಗಿತ್ತೀದು ಎರಡು ಬೆರಳು ಮಷಿನ್ನಿಗೆ ಸಿಕ್ಕಿ ಹೋಯ್ತು ಸರ್. ಮಾರನೇ ದಿನ ಬೆಳಿಗ್ಗೆನೇ ಕಂಪನಿ ವ್ಯಾನು ಮನೆ ಮುಂದೆ ಬಂತು. ಕರ್ಕೊಂಡು ಬಂದು, ಹಾಜರಿಗೆ ಹೆಬ್ಬೆಟ್ಟು ಒತ್ತಿಸಿ, ಸ್ಟೋರ್ ರೂಮಲ್ಲಿ ಕೂರಿಸ್ತಾರೆ. ಸಂಜೆ ವಾಪಸು ಬಿಡ್ತಾರೆ. ದಿನಾ ಇದೇ. ಅವಳೊಬ್ಬಳೇ ಅಲ್ಲ, ಪೆಟ್ಟಾದವರೆಲ್ಲ ಅಲ್ಲೇ. ಬೆರಳು ಹೋಗಿದೆ ಸರ್, ದಿನ ಹೋಗಿಲ್ಲ."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಅಳುವವರನ್ನು ಎಬ್ಬಿಸಿ ಕಳಿಸುವ ಎದೆಗಾರಿಕೆ ನಮ್ಮವರಿಗೆಲ್ಲಿಂದ ಬರಬೇಕು? ಅವಳು ಎದ್ದು ಹೊರಟಾಗ ನಲವತ್ತು ನಿಮಿಷ ಆಗಿತ್ತು. ಗಾಜಿನಾಚೆ ಸೂಪರ್‌ವೈಸರ್ ಕೈಗಡಿಯಾರ ನೋಡಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗೀಚಿಕೊಂಡ. ಉಳಿದ ಐವರನ್ನು ಏನು ಕೇಳಿದರೋ ನಮ್ಮವರಿಗೇ ನೆನಪಿಲ್ಲ.

ನಾನು ಶಾಲೆಯಲ್ಲಿ ಗಣಿತದ ಟೀಚರು. ಬುಧವಾರ ಎರಡನೇ ಪೀರಿಯಡ್ ಮುಗಿಸಿ ಬರುವಾಗ ಅವರ ಫೋನು. ಉಳಿದ ಲೆಕ್ಕ ನೋಡಲು ಮತ್ತೆ ಹೋಗಿದ್ದವರು ಕಾರ್ಖಾನೆಯ ಟಾಯ್ಲೆಟ್ಟಿನಲ್ಲಿ, ಮಾತು ಹೊರಗೆ ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡು ನಿಂತಿದ್ದರು. ನೀರು ಉಳಿಸಿ ಎಂಬ ಚೀಟಿ ಕಣ್ಣೆದುರಿಗೇ ಇತ್ತಂತೆ. ಹಿಂದಿನ ದಿನದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಇವತ್ತು ಅವಳ ಮಷಿನ್ ಹತ್ರ ಬೇರೆ ಯಾರೋ ನಿಂತಿದಾರೆ ಕಣೇ," ಅಂದರು.

"ಅವಳೆಲ್ಲಿ ಅಂತ ಕೇಳಿ ಮತ್ತೆ."

"ಕೇಳಿದ್ರೆ ಮುಗೀತು. ಹೇಳಿದ್ದು ಇವಳೇ ಅಂತ ನಾನೇ ತೋರಿಸಿಕೊಟ್ಟ ಹಾಗೆ. ಆ ಮಷಿನ್ ಕಡೆ ತಿರುಗಿ ನೋಡೋಕೂ ಆಗ್ತಿಲ್ಲ. ಅವಳ ಕೆಲಸ ತೆಗೆದಿದಾರೆ ಅನ್ಸುತ್ತೆ. ನನ್ನಿಂದ ಆಯ್ತು, ನನ್ನಿಂದಲೇ ಆಯ್ತು."

ಅವರ ಭಯವನ್ನು ನಾನು ಸಾವಿರ ಸಲ ಗೇಲಿ ಮಾಡಿದ್ದೇನೆ. ಆ ದಿನ ನನಗೂ ಭಯವಾಯಿತು. ಆದರೆ ನನಗೆ ಭಯವಾದರೆ ಜೊತೆಗೆ ಸಿಟ್ಟೂ ಬರುತ್ತದೆ.

"ಅಳಬೇಡಿ, ಕೇಳಿಸ್ಕೊಳ್ಳಿ. ನನ್ನ ಕ್ಲಾಸಲ್ಲಿ ಒಬ್ಬಳು ಬಂದು ಇನ್ನೊಬ್ಬರ ಮೇಲೆ ದೂರು ಹೇಳಿದ್ರೆ ನಾನೇನು ಮಾಡ್ತೀನಿ ಗೊತ್ತಾ? ಇಡೀ ಕ್ಲಾಸನ್ನ ಒಬ್ಬೊಬ್ಬರಾಗಿ ಸ್ಟಾಫ್ ರೂಮಿಗೆ ಕರೀತೀನಿ. ಅವಳನ್ನ ಎಷ್ಟು ಹೊತ್ತು ಇಟ್ಕೊಂಡಿದ್ನೋ ಎಲ್ಲರನ್ನೂ ಅಷ್ಟೇ ಹೊತ್ತು. ನೀವೂ ಎಲ್ಲರನ್ನೂ ಮತ್ತೆ ಕರೀರಿ. ಎಲ್ಲರಿಗೂ ನಲವತ್ತು ನಿಮಿಷ."

"ಮ್ಯಾನೇಜರಿಗೆ ಏನಂತ ಹೇಳ್ಲಿ?"

"ಉದ್ದದ ಪ್ರಶ್ನೆಪಟ್ಟಿ ಎಲ್ಲರಿಗೂ ಕೇಳ್ಬೇಕಿತ್ತು, ಒಬ್ಬರಿಗೆ ಮಾತ್ರ ಕೇಳಿ ಮರೆತೆ, ತಲೆ ಓಡಲಿಲ್ಲ, ಈಗ ಹನ್ನೆರಡೂ ಜನರನ್ನ ಮೊದಲಿಂದ ಕೇಳ್ಬೇಕು ಅನ್ನಿ. ನಿಮ್ಮ ಮುಖ ನೋಡಿದ್ರೆ ಖಂಡಿತ ನಂಬ್ತಾರೆ."

ನಂಬಿದರು. ಮ್ಯಾನೇಜರ್ ನಕ್ಕು, "ಇಷ್ಟು ವರ್ಷ ಸರ್ವಿಸ್ ಆದ್ಮೇಲೂ ಹೀಗಾ ಸರ್?" ಎಂದನಂತೆ. ನಗುತ್ತಲೇ, "ಹನ್ನೊಂದು ಜನ ಸಿಗ್ತಾರೆ, ಒಬ್ಬರು ಇವತ್ತಿಲ್ಲ," ಎಂದೂ ಸೇರಿಸಿದ. ಯಾರು ಇಲ್ಲ ಎಂದು ನಮ್ಮವರು ಕೇಳಲಿಲ್ಲ. ಕೇಳದೆ ಇರಲು ನಾಲಗೆ ಕಚ್ಚಿಕೊಂಡಿದ್ದರು.

ಕೂತು ನೋಡಿದವರಿಗೇ ಗೊತ್ತು, ನಲವತ್ತು ನಿಮಿಷ ಎಷ್ಟು ಉದ್ದ ಎಂದು. ಮೊದಲು ಬಂದವನು ಸರಕು ಹೊರುವ ಆಳು. ಬಸ್ಸು, ಬಿಸಿಲು, ಮಕ್ಕಳ ಶಾಲೆ ಎಲ್ಲ ಹದಿನೈದು ನಿಮಿಷಕ್ಕೆ ಖಾಲಿ. ಆಮೇಲೆ ಇಬ್ಬರೂ ಮೇಜು ನೋಡುತ್ತಾ ಕೂತರು. ಇಪ್ಪತ್ತೆಂಟನೇ ನಿಮಿಷಕ್ಕೆ ಅವನಾಗಿಯೇ, "ಸ್ಟೋರ್ ರೂಮ್ ನೋಡಿದ್ರಾ ಸರ್?" ಎಂದ. ಮೂರನೆಯವಳು ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಹೇಳಿದಳು. ಸಂಜೆಯೊಳಗೆ ನಾಲ್ಕು ಜನ ಹೇಳಿದ್ದರು. ಹಿಂದಿನ ದಿನ ಎಲ್ಲ ಚೆನ್ನಾಗಿದೆ ಎಂದವರೂ ಇವರೇ. ಹತ್ತು ನಿಮಿಷದಲ್ಲಿ ಅವರ ಧೈರ್ಯ ಗಂಟಲವರೆಗೂ ಬಂದಿರಲಿಲ್ಲ, ಅಷ್ಟೇ.

ಗುರುವಾರ ಬೆಳಿಗ್ಗೆ ನಮ್ಮವರು ಸ್ಟೋರ್ ರೂಮ್ ನೋಡಬೇಕು ಎಂದರು. ಬೀಗದ ಕೈ ಸಿಗುತ್ತಿಲ್ಲ ಎಂದ ಮ್ಯಾನೇಜರ್. ಈಗ ನಗು ಇರಲಿಲ್ಲ. "ಕಾಯ್ತೀನಿ," ಎಂದು ಇವರು ಬಾಗಿಲ ಮುಂದೆ ನಿಂತರು. ಎರಡು ಪಕ್ಕದಲ್ಲೂ ಸೆಕ್ಯೂರಿಟಿಯವರು ಬಂದು ನಿಂತರು. ಒಂದೂಕಾಲು ಗಂಟೆ ಹಾಗೇ ನಿಂತಿದ್ದಾಗ ಮೊಣಕಾಲು ನಡುಗುವುದು ಪ್ಯಾಂಟಿನ ಮೇಲೂ ಕಾಣುತ್ತದೇನೋ ಎಂದು ಫೈಲನ್ನು ಅಡ್ಡ ಹಿಡಿದಿದ್ದರಂತೆ. ಕೊನೆಗೆ ಬೀಗ ತೆಗೆದರು. ರಟ್ಟಿನ ಪೆಟ್ಟಿಗೆಗಳ ರಾಶಿಯ ಹಿಂದೆ, ಬೆಂಚಿನ ಮೇಲೆ, ಒಂಬತ್ತು ಜನ. ಒಬ್ಬನ ತಲೆಗೆ ಪಟ್ಟಿ, ಒಬ್ಬಳ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ. ಮ್ಯಾನೇಜರನ್ನು ಕಂಡು ಎಲ್ಲರೂ ಎದ್ದು ನಿಂತರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದವನೂ ಪಕ್ಕದವನ ಹೆಗಲು ಹಿಡಿದು ಎದ್ದ.

ಆ ಸೊನ್ನೆಗೆ ನಮ್ಮವರು ಸಹಿ ಹಾಕಲಿಲ್ಲ. ಆಮೇಲೆ ಅವರ ಆಫೀಸಿನವರೇ ಫೋನಿನ ಮೇಲೆ ಫೋನು ಮಾಡಿದರೂ ಹಾಕಲಿಲ್ಲ. ಆದರೆ ಗುರುವಾರ ಮಧ್ಯಾಹ್ನ ಅವರಿಗೆ ಅದಾವುದೂ ತಲೆಯಲ್ಲಿರಲಿಲ್ಲ. ಗಾಜಿನ ಕೋಣೆಯಲ್ಲಿ ಉಳಿದವರ ಸರದಿ ಮುಗಿದು ಹನ್ನೊಂದನೆಯವನು ಎದ್ದು ಹೋದ. ಇವರು ಬಾಗಿಲನ್ನೇ ನೋಡುತ್ತಾ ಕೂತರು.

ಅವಳು ಬಂದಳು. ಅದೇ ಕುರ್ಚಿಯಲ್ಲಿ ಗಾಜಿಗೆ ಬೆನ್ನು ಹಾಕಿ ಕೂತಳು. ಮುಖ ಬಾಡಿ ಹಿಡಿಯಷ್ಟಾಗಿತ್ತು.

"ನಿನ್ನೆ ಬೆಳಿಗ್ಗೆಯಿಂದ ಹಿಂದಿನ ಗೇಟ್ ಹತ್ರ ನಿಲ್ಲಿಸಿದ್ರು ಸರ್. ಏನು ಹೇಳಿದೆ, ಏನು ಹೇಳಿದೆ ಅಂತ ಒಂದೇ ಸಮ. ಮನೆ ವಿಚಾರ ಕೇಳಿದ್ರು ಅಂದೆ, ನಂಬಲಿಲ್ಲ. ಈಗ ನೋಡಿದ್ರೆ ಎಲ್ಲರೂ ಅಷ್ಟಷ್ಟೇ ಹೊತ್ತು ಕೂತು ಬಂದಿದಾರೆ. ಯಾರನ್ನ ಹಿಡೀಬೇಕು ಅಂತ ಅವರಿಗೇ ತಿಳೀಲಿಲ್ಲ. ಮಷಿನ್ನಿಗೆ ಹೋಗು ಅಂದ್ರು."

ನಮ್ಮವರು ಕೈಗಡಿಯಾರ ನೋಡಿದರು. ಅವಳೇ ಕೇಳಿದಳು. "ಇನ್ನೂ ಎಷ್ಟು ಹೊತ್ತು ಕೂರ್ಬೇಕು ಸರ್?"

"ಮೂವತ್ತಾರು ನಿಮಿಷ."

"ಎರಡು ದಿನದಿಂದ ಕಣ್ಣು ಮುಚ್ಚಿಲ್ಲ," ಎಂದಳು. ಮೊಣಕೈ ಮೇಜಿಗೂರಿ, ಕೆನ್ನೆಗೆ ಕೈ ಕೊಟ್ಟು, ಮಾತು ಕೇಳಿಸಿಕೊಳ್ಳುವವಳ ಹಾಗೆಯೇ ನಿದ್ದೆ ಹೋದಳು.

ಗಾಜಿನಾಚೆ ಸೂಪರ್‌ವೈಸರ್ ನಿಂತೇ ಇದ್ದ. ನಮ್ಮವರು ಪೆನ್ನು ತೆಗೆದರು. ತುಟಿ ಆಡಿಸುತ್ತಾ ಪ್ರಶ್ನೆ ಕೇಳಿದರು, ಉತ್ತರ ಕೇಳಿಸಿಕೊಂಡವರಂತೆ ತಲೆಯಾಡಿಸಿದರು, ಹಾಳೆ ತುಂಬ ಏನೇನೋ ಬರೆದರು. ಅವಳ ತಲೆ ಎಲ್ಲಿ ಜಾರುತ್ತದೋ, ಅವನೆಲ್ಲಿ ಒಳಗೆ ಬರುತ್ತಾನೋ ಎಂದು ಒಂದು ಕಣ್ಣು ಅವಳ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ ಇತ್ತಂತೆ. ನಲವತ್ತಾಯಿತು. ಅಷ್ಟು ಗಾಢ ನಿದ್ದೆಯನ್ನು ಅವರು ಯಾರ ಮುಖದಲ್ಲೂ ನೋಡಿರಲಿಲ್ಲವಂತೆ. ಇನ್ನೊಂದು ನಿಮಿಷ ಮಲಗಲಿ ಎನ್ನುವ ಹಾಗೂ ಇರಲಿಲ್ಲ. ಮೇಜಿನ ಕೆಳಗೆ ಕಾಲು ಚಾಚಿ, ಅವಳ ಕುರ್ಚಿಯನ್ನು ಮೆಲ್ಲಗೆ ತಳ್ಳಿ ಎಬ್ಬಿಸಿದರು.