ಮಾವ ಕಟ್ಟಿಸಿದ ಮೊದಲ ಭೇಟಿಗಳು

ನನ್ನನ್ನು ನೋಡಲು ಬಂದ ಎಂಟನೆಯ ಗಂಡಿನ ಕಡೆಯವರು ಮಧುಗಿರಿಯ ನಮ್ಮ ಮನೆಯಿಂದ ಎದ್ದು ಹೋದದ್ದು ಒಂದು ತಟ್ಟೆ ಕೇಸರಿಬಾತಿನ ದೆಸೆಯಿಂದ. ಹುಡುಗನ ತಂದೆ ಎರಡನೆಯ ಸಲ ಹಾಕಿಸಿಕೊಂಡು ಚಮಚ ಎತ್ತುವ ಹೊತ್ತಿಗೆ ನನಗೆ ಅವರ ಗುರುತು ಸಿಕ್ಕಿತು. ನಾನು ಆಗ ಶಿರಾದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದೆ. ಹಿಂದಿನ ವಾರವಷ್ಟೇ ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆದವಳು ನಾನೇ. ಸಕ್ಕರೆ ಮುನ್ನೂರರ ಮೇಲಿತ್ತು. ನಾನು ಬಾಯಿ ಬಿಡಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ, ಮುಂದೆ ಹೋಗಿ ಅವರ ತಟ್ಟೆ ಎತ್ತಿಕೊಂಡುಬಿಟ್ಟಿತು. ಅವರು ಹೆಂಡತಿಗೆ ತಮ್ಮ ಸಕ್ಕರೆಯ ವಿಷಯವನ್ನೇ ಹೇಳಿರಲಿಲ್ಲವಂತೆ. ಆಕೆ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ಎಲ್ಲ ಅರ್ಥವಾಯಿತು. ಮುಂದಿನ ಹತ್ತು ನಿಮಿಷ ನಮ್ಮ ನಡುಮನೆಯಲ್ಲಿ ಅವರಿಬ್ಬರ ಜಗಳ ನಡೆಯಿತು. ಹೋಗುವಾಗ ಹುಡುಗ ನನ್ನ ಅಮ್ಮನಿಗೆ, ಮದುವೆಗೆ ಮುಂಚೆಯೇ ತಟ್ಟೆ ಕಿತ್ತುಕೊಳ್ಳುವವಳು ಆಮೇಲೆ ಏನೇನು ಕಿತ್ತುಕೊಳ್ಳುತ್ತಾಳೋ ಎಂದು ಹೇಳಿ ಹೋದ.

ನನಗೆ ಆಗ ಮೂವತ್ತು. ಸೀರೆ ಉಟ್ಟು, ತಲೆ ತಗ್ಗಿಸಿ, ಲೋಟಗಳ ತಟ್ಟೆ ಹಿಡಿದು ಬರುವ ಕೆಲಸ ಸಾಕಾಗಿತ್ತು. ಆ ಸಂಜೆ ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದೆ: "ಇನ್ಮ್ಯಾಲೆ ನನ್ನ ನೋಡಾಕೆ ಯಾರೂ ಮನೆಗೆ ಬರಾದು ಬ್ಯಾಡ. ಸಿನಿಮಾದಾಗೆ ಆಯ್ತದಲ್ಲ, ಅಂಗೆ ತಾನಾಗೇ ಯಾರಾದ್ರೂ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಈ ವಿಚಾರನೇ ಬುಟ್ಟಾಕು."

ನನ್ನ ಮಾತಿನ ತಿರುಳು 'ಬುಟ್ಟಾಕು' ಎಂಬುದರಲ್ಲಿತ್ತು. ಅಮ್ಮ ಅದಕ್ಕಿಂತ ಹಿಂದಿನದನ್ನು ಮಾತ್ರ ಕೇಳಿಸಿಕೊಂಡಳು. ಮಗಳು ಕೊನೆಗೂ ಒಂದು ದಾರಿ ತೋರಿಸಿದ್ದಾಳೆ, ಸಿನಿಮಾದ ಹಾಗೆ ತಾನಾಗಿ ಸಿಗುವಂತೆ ಮಾಡಿದರೆ ಆಯಿತು ಎಂದು ತೀರ್ಮಾನಿಸಿ, ಕೊರಟಗೆರೆಯಲ್ಲಿದ್ದ ತನ್ನ ಅಣ್ಣನಿಗೆ ಫೋನ್ ಮಾಡಿದಳು.

ನನ್ನ ಈ ಸೋದರಮಾವ ನಾಟಕದ ಮೇಷ್ಟ್ರು. ಮೂವತ್ತು ವರ್ಷದಿಂದ ಸುತ್ತಲಿನ ಊರುಗಳ ರೈತರಿಗೆ, ಡ್ರೈವರುಗಳಿಗೆ, ಅಂಗಡಿಯವರಿಗೆ ಪೌರಾಣಿಕ ನಾಟಕ ಕಲಿಸುತ್ತ ಬಂದವರು. ಹಾರ್ಮೋನಿಯಂ ಅವರ ದೇಹದ ಒಂದು ಅಂಗದಂತೆ ಇತ್ತು. ತಯಾರಿಯಿಲ್ಲದೆ ಬಂದರೆ ಅದು ಬರೀ ನಡಿಗೆ, ತಯಾರಿ ಮಾಡಿಕೊಂಡು ಬಂದರೆ ಅದು ಪ್ರವೇಶ ಎನ್ನುವುದು ಅವರ ಸಿದ್ಧಾಂತ. ಅಮ್ಮ ಬೇಡಿಕೆ ಇಟ್ಟಾಗ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ತಮ್ಮ ನಾಟಕದಲ್ಲಿ ಪಾತ್ರ ಮಾಡುವವರೊಬ್ಬರ ನೆಂಟರ ಪೈಕಿ ಒಬ್ಬ ಹುಡುಗನನ್ನು ಹುಡುಕಿದರು. ಪಾವಗಡದ ಕಡೆಯವರು, ಮನೆಮಾತು ತೆಲುಗು, ಕುರಿ ಸಾಕುವ ಮನೆತನ. ಹುಡುಗ ಬಲಸಮುದ್ರದ ಹತ್ತಿರ ಸೋಲಾರ್ ಫಲಕ ತೊಳೆಯುವ ತಂಡದ ಸೂಪರ್‌ವೈಸರ್. ಇದೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ.

ಒಂದು ಸೋಮವಾರ ಬೆಳಿಗ್ಗೆ ನಾನು ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆಯುತ್ತಿದ್ದೆ. ಎದುರಿನಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬಾತ ನೇರವಾಗಿ ನನ್ನ ಕಡೆಗೇ ಓಡುತ್ತ ಬಂದ. ಒಂದು ಮಾರು ದೂರ ಇರುವಾಗ ಕಲ್ಲಿನಂತೆ ನಿಂತ. ನನ್ನನ್ನು ನೋಡಿದ, ನೆಲ ನೋಡಿದ. ಆಮೇಲೆ ಕೈಯಲ್ಲಿದ್ದ ಚೀಲವನ್ನು ತಾನೇ ತಲೆಕೆಳಗು ಮಾಡಿ ನೆಲಕ್ಕೆ ಸುರಿದ. ಐದಾರು ಸೇರು ಕಡಲೆಕಾಯಿ ನನ್ನ ಕಾಲ ಸುತ್ತ ಉರುಳಿತು.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸಹಾಯಕ್ಕೆ ಬಂದರು. ಒಬ್ಬ ಅಜ್ಜಿ ಸೆರಗಿಗೆ ತುಂಬಿಕೊಂಡು ಯಾರಿಗೂ ಕೊಡದೆ ತನ್ನ ಬಸ್ಸು ಹತ್ತಿದಳು. ಆತ ಮಾತ್ರ ಬಾಗಲೂ ಇಲ್ಲ, ಮಾತಾಡಲೂ ಇಲ್ಲ. ಹಣೆಯಲ್ಲಿ ಬೆವರು, ತುಟಿ ಬೆಳ್ಳಗಿತ್ತು. ನನ್ನ ವೃತ್ತಿಯ ಕಣ್ಣಿಗೆ ಬೇರೇನೂ ಹೊಳೆಯಲಿಲ್ಲ. ಮುಂಗೈ ಹಿಡಿದು ನಾಡಿ ನೋಡಿದೆ. ಕುದುರೆಯಂತೆ ಓಡುತ್ತಿತ್ತು. ಬೆಳಿಗ್ಗೆ ಏನು ತಿಂದಿದ್ದೀರಿ ಎಂದು ಕೇಳಿದೆ. ಏನೂ ಇಲ್ಲ ಎಂದ. ಆಟೋದಲ್ಲಿ ಕೂರಿಸಿಕೊಂಡು ಲ್ಯಾಬಿಗೆ ಕರೆದೊಯ್ದು ರಕ್ತ ತೆಗೆದೆ. ಸಕ್ಕರೆ ಸರಿಯಿತ್ತು, ರಕ್ತ ಮಾತ್ರ ಸ್ವಲ್ಪ ಕಡಿಮೆ. ರಾಗಿ, ಸೊಪ್ಪು, ಬೆಲ್ಲ ಜಾಸ್ತಿ ತಿನ್ನಿ ಎಂದು ಹೇಳಿ ರಿಪೋರ್ಟ್ ಕೈಗಿಟ್ಟು ಕಳಿಸಿದೆ. ಆತ ಬಾಗಿಲ ತನಕ ಹೋಗಿ ತಿರುಗಿ ನೋಡಿ, ಥ್ಯಾಂಕ್ಸ್ ಮೇಡಂ ಎಂದ.

ಸಂಜೆ ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮನ ಕಣ್ಣು ಅರಳಿದ್ದು ನನಗೆ ವಿಚಿತ್ರವಾಗಿ ಕಂಡಿತು. ಕೈ ಹಿಡಿದೆಯಾ, ಎಷ್ಟು ಹೊತ್ತು ಹಿಡಿದಿದ್ದೆ ಎಂದು ಎರಡೆರಡು ಸಲ ಕೇಳಿದಳು. ಒಂದು ನಿಮಿಷ, ನಾಡಿ ಎಣಿಸಲು ಅಷ್ಟು ಬೇಕು ಎಂದೆ. ಆಕೆ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದಳು.

ಎರಡು ವಾರ ಕಳೆದು ಒಂದು ಭಾನುವಾರ, ಮಾವನಿಗೆ ಮೈ ಸರಿಯಿಲ್ಲ, ರಕ್ತ ತೆಗೆಯುವ ಸಾಮಾನು ತೆಗೆದುಕೊಂಡು ಕೊರಟಗೆರೆಗೆ ಹೋಗಿ ಬಾ ಎಂದು ಅಮ್ಮ ಹೇಳಿದಳು. ಮಾವನ ಮನೆ ಊರಾಚೆ ತೋಟದಲ್ಲಿ. ಗೇಟಿನಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಹುಣಸೆಮರವಿದೆ. ಅದರ ಕೆಳಗೆ ಬಂದಾಗ ಮಳೆ ಶುರುವಾಯಿತು. ಸುತ್ತ ಮೂರು ಮೈಲಿ ಸುಡುವ ಬಿಸಿಲು. ಮರದ ಕೆಳಗೆ ಒಂದು ಚಾಪೆಯಷ್ಟು ಜಾಗದಲ್ಲಿ ಮಾತ್ರ ತುಂತುರು. ಅದಕ್ಕೆ ಟೊಮ್ಯಾಟೊ ಗಿಡಕ್ಕೆ ಹೊಡೆಯುವ ಔಷಧಿಯ ವಾಸನೆ ಬೇರೆ.

ನಾನು ಮೂಗು ಮುಚ್ಚಿಕೊಂಡು ನಿಂತಿರುವಾಗ ಹುಲ್ಲಿನ ಬಣವೆಯ ಹಿಂದಿನಿಂದ ಕರೀ ಛತ್ರಿ ಹಿಡಿದ ಒಬ್ಬಾತ ಬಂದ. ನೋಡಿದರೆ ಕಡಲೆಕಾಯಿಯವನು. ನನ್ನ ತಲೆಯ ಮೇಲೆ ಛತ್ರಿ ಹಿಡಿದು, ದೂರದ ಯಾವುದೋ ಬೇಲಿಯನ್ನು ನೋಡುತ್ತ, "ಓ ಅಪರಿಚಿತೆಯೇ" ಎಂದ. ಅಲ್ಲಿಗೆ ನಿಂತುಹೋಯಿತು. ತುಟಿ ಅಲ್ಲಾಡುತ್ತಿತ್ತು, ಮಾತು ಬರಲಿಲ್ಲ.

ಆಗ ಮರ ಮಾತಾಡಿತು. "ಅಕಾಲ ವರ್ಷಧಾರೆ" ಎಂದಿತು.

"ಅಕಾಲ ವರ್ಷಧಾರೆ," ಎಂದ ಆತ.

"ಛತ್ರಛಾಯೆ," ಎಂದಿತು ಮರ.

ತಲೆ ಎತ್ತಿ ನೋಡಿದೆ. ಮೈ ಸರಿಯಿಲ್ಲದ ನನ್ನ ಮಾವ ಪಂಚೆ ಮೇಲೆ ಕಟ್ಟಿ, ಬೆನ್ನಿಗೆ ಔಷಧಿ ಹೊಡೆಯುವ ಸ್ಪ್ರೇಯರ್ ಏರಿಸಿಕೊಂಡು ಕವಲಿನಲ್ಲಿ ಕೂತಿದ್ದರು. ಇಳಿಯಿರಿ ಎಂದೆ. "ಸೀನ್ ಇನ್ನೂ ಮುಗ್ದಿಲ್ಲ ಕಣಮ್ಮ," ಎಂದು ಹೇಳಿ ಇನ್ನೆರಡು ಸಲ ಪಂಪು ಒತ್ತಿದರು.

ಮಾವನ ಹೆಂಡತಿ ನನಗೆ ಸೀಗೆಕಾಯಿ ಕೊಟ್ಟು ಸ್ನಾನಕ್ಕೆ ಕಳಿಸಿದರು. ಕೋಪದಿಂದ ಮೈಯೆಲ್ಲ ಉರಿಯುತ್ತಿತ್ತು, ಅರ್ಧ ಔಷಧಿಯದೂ ಇರಬಹುದು. ಹೊರಗೆ ಬಂದಾಗ ಆತ ಜಗಲಿಯ ಮೇಲೆ ಮಡಚಿದ ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಸಾರಿ ಮೇಡಂ," ಎಂದ. "ಅಮ್ಮಾಯೀನೇ ಇಂಗೆ ಬೇಕು ಅಂದವ್ಳೆ ಅಂತ ನಿಮ್ಮ ಮಾವ ಹೇಳಿದ್ರು. ಪರ್ವಾಲೇದು, ಒಬ್ಬೊಬ್ರಿಗೆ ಒಂದೊಂದು ಆಸೆ ಇರ್ತದೆ ಅಂತ ಒಪ್ಕಂಡೆ. ಬಸ್‌ಸ್ಟ್ಯಾಂಡಾಗೆ ಡಿಕ್ಕಿ ಹೊಡೀಬೇಕು ಅಂದಿದ್ರು. ಗೊತ್ತಿಲ್ದಿರೋ ಹೆಂಗಸ್ರಿಗೆ ಹೆಂಗ್ ಮೇಡಂ ಡಿಕ್ಕಿ ಹೊಡೆಯಾದು?"

ನನಗೆ ಸಿಟ್ಟು ಇಳಿಯಿತು ಎನ್ನುವುದಕ್ಕಿಂತ, ಅದನ್ನು ಎಲ್ಲಿಡುವುದೋ ತಿಳಿಯಲಿಲ್ಲ. ಎಂಟು ಜನ ನನ್ನನ್ನು ನೋಡಿ ಹೋಗಿದ್ದರು. ಸಂಬಳ ಕೇಳಿದ್ದರು, ಅಡಿಗೆ ಕೇಳಿದ್ದರು, ಒಬ್ಬ ನಡೆದು ತೋರಿಸಲು ಹೇಳಿದ್ದ. ಈತ ನನಗೆ ತಲೆ ಕೆಟ್ಟಿದೆ ಎಂದು ತಿಳಿದಿದ್ದರೂ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಕಂಠಪಾಠ ಮಾಡಿಕೊಂಡು ಬಂದಿದ್ದ. ಕಾಫಿ ಬರುವ ತನಕ ಕೂತು ಮಾತಾಡಿದೆವು. ಬೆಳಗಿನ ಜಾವವೇ ಫಲಕ ತೊಳೆಯುವುದು, ಫಲಕಗಳ ನೆರಳಲ್ಲಿ ಬೆಳೆದ ಹುಲ್ಲಿಗೆ ಕುರಿಗಳು ಆಸೆಪಡುವುದು ಇವನ್ನೆಲ್ಲ ಹೇಳಿದ. ಹೇಳುವಾಗ ತೊದಲಲಿಲ್ಲ. ಇನ್ನೊಮ್ಮೆ ಸಿಗೋಣ, ನಾಟಕವಿಲ್ಲದೆ ಎಂದು ನಾನೇ ಅಂದೆ.

ಆದರೆ ಮಾವ ಮೂರನೆಯ ಭೇಟಿಯನ್ನು ಆಗಲೇ ಗೊತ್ತುಮಾಡಿಬಿಟ್ಟಿದ್ದರು. ಹುಡುಗನ ದೊಡ್ಡಪ್ಪನ ಕುರಿಮಂದೆ ತಾವರೆಕೆರೆಯ ಹತ್ತಿರ ಹೊಲಗಳಲ್ಲಿ ಬೀಡುಬಿಟ್ಟಿತ್ತು. ತಿಂಗಳಿಗೆ ಎರಡು ಶನಿವಾರ ನಾನು ರಕ್ತದ ಮಾದರಿ ತರಲು ಲ್ಯಾಬಿನ ಸ್ಕೂಟರಿನಲ್ಲಿ ಆ ಊರಿಗೆ ಹೋಗುವುದು ಅಮ್ಮನಿಂದ ಅವರಿಗೆ ತಿಳಿದಿತ್ತು. ಮಂದೆ ದಾರಿಗೆ ಅಡ್ಡ ಬರಬೇಕು, ನಾನು ನಿಲ್ಲಬೇಕು, ಆತ ಪ್ರವೇಶಿಸಬೇಕು. ಆತನಿಂದ ಇದು ತಿಳಿದು, ಇದೆಲ್ಲ ಬೇಡ, ನಾವು ಮಾತಾಡಿಕೊಂಡಿದ್ದೇವೆ ಎಂದು ಹೇಳಲು ಮಾವನಿಗೆ ಫೋನ್ ಮಾಡಿದೆ.

"ಮೂವತ್ತು ವರ್ಷದಿಂದ ಯುದ್ಧ ಮಾಡ್ಸಿವ್ನಿ, ಶಾಪ ಕೊಡ್ಸಿವ್ನಿ, ತೊಡೆ ಮುರಿಸಿವ್ನಿ," ಎಂದರು ಮಾವ. "ಒಳ್ಳೇದಾಗೋ ಅಂಥದ್ದು ಒಂದನ್ನ ಆಡ್ಸು ಅಂತ ಯಾರೂ ಕೇಳಿರ್ಲಿಲ್ಲ ಕಣಮ್ಮ."

ಹಾಗಾಗಿ ನಾನೂ ಆತನೂ ಮತ್ತೊಮ್ಮೆ ಮೊದಲ ಸಲ ಭೇಟಿಯಾಗಲು ಒಪ್ಪಿಕೊಂಡೆವು.

ಆ ಶನಿವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ತಾವರೆಕೆರೆಯಿಂದ ಹೊರಟೆ. ಊರು ದಾಟಿದ ಮೇಲೆ ನೂರಾರು ಕುರಿ ದಾರಿ ತುಂಬಿದವು. ಪಕ್ಕದಲ್ಲಿ ಒಂದು ಲಗೇಜ್ ಆಟೋ, ಅದರ ಮೇಲೆ ಮಾವ, ಮುಂದೆ ಹಾರ್ಮೋನಿಯಂ. ಅವರ ನಾಟಕ ಮಂಡಳಿಯ ಇಬ್ಬರು ಅರಮನೆಯ ಉದ್ಯಾನವನ ಬರೆದ ಪರದೆಯೊಂದನ್ನು ಎರಡು ಕಡೆ ಹಿಡಿದಿದ್ದರು. ಒಂದು ಟಗರು ಪರದೆಯ ಹಸಿರು ಬಳ್ಳಿಯನ್ನು ನೆಕ್ಕಿ ನೋಡಿ ಮುಖ ತಿರುಗಿಸಿತು. ಕಡಲೆಕಾಯಿ ಕೀಳುತ್ತಿದ್ದ ಹೆಂಗಸರು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಅಮ್ಮ ಅವರ ಮಧ್ಯೆ ಕೂತು, ನನ್ನನ್ನು ನೋಡಿಯೂ ಕಾಣದವಳಂತೆ ಇದ್ದಳು. ಪರದೆ ಸರಿಯಿತು. ಹೆಗಲಿಗೆ ಕಂಬಳಿ, ಕಂಕುಳಲ್ಲಿ ಮರಿ, ಆತ ನಿಂತಿದ್ದ.

"ನಿಮ್ಮ ದಾರಿಗೆ ಅಡ್ಡ ಬಂದ ನಮ್ಮ ತಪ್ಪು ಮನ್ನಿಸಬೇಕು," ಎಂದು ಈ ಸಲ ಒಂದಕ್ಷರವೂ ಬಿಡದೆ ಹೇಳಿದ. ನಾನು ಸೆರಗಿನ ಬದಲು ದುಪ್ಪಟ್ಟಾ ಸರಿಮಾಡಿಕೊಂಡು, ಪರವಾಗಿಲ್ಲ ಎಂದೆ. ಮಾವ ರಾಗ ಎಳೆದರು.

ಬದುವಿನಿಂದ ಯಾರೋ ಒನ್ಸ್ ಮೋರ್ ಎಂದರು. ನಮ್ಮ ಕಡೆ ನಾಟಕದಲ್ಲಿ ಒನ್ಸ್ ಮೋರ್ ಎಂದಮೇಲೆ ಮಾಡದೆ ಇರುವಂತಿಲ್ಲ, ಅದು ಮರ್ಯಾದೆಯ ಪ್ರಶ್ನೆ. ಆದರೆ ಕುರಿ ಹಿಂದಕ್ಕೆ ನಡೆಯುವುದಿಲ್ಲ ಎಂದು ದೊಡ್ಡಪ್ಪ ತಕರಾರು ತೆಗೆದರು. ಇಡೀ ಮಂದೆಯನ್ನು ಹೊಲ ಸುತ್ತಿಸಿ ಮೊದಲಿನ ಜಾಗಕ್ಕೆ ತಂದರು. ನಾನೂ ಸ್ಕೂಟರ್ ತಿರುಗಿಸಿಕೊಂಡು ಹಿಂದೆ ಹೋಗಿ ಮತ್ತೆ ಬಂದೆ. ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತ್ತು, ಪ್ರಯಾಣಿಕರೆಲ್ಲ ಇಳಿದಿದ್ದರು. ಅವರು ಮೊದಲಿನದನ್ನು ನೋಡಿರಲಿಲ್ಲವಾದ್ದರಿಂದ ಮತ್ತೊಂದು ಒನ್ಸ್ ಮೋರ್ ಕೇಳಿದರು. ಕಂಡಕ್ಟರೇ ಮುಂದೆ ನಿಂತು ಕೇಳಿದ.

ಮೂರನೆಯ ಸಲ ಪರದೆ ಸರಿದಾಗ ಆತನ ಕಂಬಳಿ ಜಾರಿತ್ತು, ಮರಿ ಅರಚುತ್ತಿತ್ತು, ಇಬ್ಬರಿಗೂ ಬಾಯಾರಿತ್ತು. ಆತ ಮಾವ ಬರೆದುಕೊಟ್ಟದ್ದನ್ನು ಹೇಳಲಿಲ್ಲ.

"ಮೇಡಂ, ಇದು ಮೂರ್ನೇ ಸಲ. ನಂಗೆ ಸಾಕಾಯ್ತು. ನಿಮ್ಗೆ?"

"ನಂಗೂ ಸಾಕು," ಎಂದೆ. "ಮದುವೆ ಮಾಡ್ಕಣಾನ ಬುಡಿ."

ಹಾರ್ಮೋನಿಯಂ ನಿಂತಿತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಐಸ್ ಕರಗುತ್ತಿದೆ ಎಂದು ಹೇಳಿ, ಕುರಿಗಳ ನಡುವೆ ದಾರಿ ಮಾಡಿಕೊಂಡು ಸೀದಾ ಶಿರಾಕ್ಕೆ ಹೊರಟುಬಿಟ್ಟೆ. ಹಿಂದಿನಿಂದ ಮಾವ ಯಾರಿಗೋ, ಮಾತು ಬದಲಾಯಿಸಿಬಿಟ್ಟರಲ್ಲ ಎಂದು ಹೇಳುತ್ತಿದ್ದದ್ದು ಕೇಳಿಸಿತು.

ಮುಕ್ಕಾಲು ಗಂಟೆಯ ನಂತರ ಆತ ಅದೇ ಬಸ್ಸಿನಲ್ಲಿ ಬಂದು ಲ್ಯಾಬಿನ ಬೆಂಚಿನ ಮೇಲೆ ಕೂತ. ಟೋಕನ್ ತೆಗೆದುಕೊಂಡಿದ್ದ. ಮುಂದಿದ್ದ ನಾಲ್ವರದು ಮುಗಿಯುವ ತನಕ ಕಾದು, ತನ್ನ ಸರದಿ ಬಂದಾಗ ಕುರ್ಚಿಯಲ್ಲಿ ಕೂತು ಅಭ್ಯಾಸದಂತೆ ತೋಳು ಚಾಚಿದ. ಆಮೇಲೆ ತೋಳು ಹಿಂದಕ್ಕೆಳೆದುಕೊಂಡು ಕೇಳಿದ.

"ಅಲ್ಲಿ ಜನಕ್ಕೋಸ್ಕರ ಅಂದ್ರಾ, ನಿಜ್ವಾಗ್ಲೂ ಅಂದ್ರಾ?"

"ಅಲ್ಲಿ ಯೋಚ್ನೆ ಮಾಡ್ದೆ ಅಂದೆ," ಎಂದೆ. "ದಾರಿಯುದ್ದಕ್ಕೂ ಯೋಚ್ನೆ ಮಾಡ್ಕಂಡು ಬಂದಿವ್ನಿ. ಈಗ್ಲೂ ಅದೇ ಅಂತೀನಿ."

ಆತ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಹಿರಿಯರು, ನಾನು ನಿನ್ನೆಯಿಂದ ಖಾಲಿ ಹೊಟ್ಟೆಯಲ್ಲಿದ್ದೇನೆ, ನಿಮ್ಮದು ಮುಗಿದಿದ್ದರೆ ಏಳಿ ಎಂದರು. ಆತ ಎದ್ದು ಜಾಗ ಬಿಟ್ಟುಕೊಟ್ಟ. ಹಿರಿಯರ ತೋಳಿಗೆ ಪಟ್ಟಿ ಬಿಗಿಯುವಾಗ ನನ್ನ ಕಣ್ಣು ಆತನ ಕಡೆಗೇ ಇದ್ದುದರಿಂದ ಅವರ ನರ ಸಿಗಲು ಎರಡು ಸಲ ಚುಚ್ಚಬೇಕಾಯಿತು.

ಮುಂದಿನ ಬೇಸಿಗೆಯಲ್ಲಿ ಮದುವೆ ಆಯಿತು. ಮದುವೆಗೆ ಮಾವ ಪರದೆ ತರುತ್ತೇನೆಂದರು, ನಾನು ಬೇಡವೆಂದೆ, ಹಾರ್ಮೋನಿಯಂ ತಂದರು. ಈಗ ಪಾವಗಡದಲ್ಲಿದ್ದೇವೆ. ನನಗೂ ಇಲ್ಲಿಯೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಗಂಡ ಈಗಲೂ ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ, ಮನೆಯಲ್ಲಿ ಮಾತ್ರ ನಿಲ್ಲಿಸುವುದಿಲ್ಲ. ಅತ್ತೆ ನನಗೆ ತೆಲುಗಿನಲ್ಲಿ ಬೈಯುತ್ತಾರೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಒಬ್ಬರದು ಇನ್ನೊಬ್ಬರಿಗೆ ಅರ್ಧ ಮಾತ್ರ ಅರ್ಥವಾಗುವುದರಿಂದ ಜಗಳ ಅಡಿಗೆ ಆಗುವುದರೊಳಗೆ ಮುಗಿದಿರುತ್ತದೆ.