ಚಿಮಣಿಗೆ ಬೆರಳು ಬಂದ ದಿನ

ನಿಪ್ಪಾಣಿ ಸಂತೆಯಲ್ಲಿ ಒಬ್ಬ ವ್ಯಾಪಾರಿಗೆ ಅವನದೇ ಛತ್ರಿಯನ್ನು ಮಾರಿ, ಆ ದುಡ್ಡಿನಲ್ಲಿ ಅವನಿಗೇ ಚಹಾ ಕುಡಿಸಿದವನು ನಾನು. ಊರಿನ ಅರ್ಧ ಜನಕ್ಕೆ ಅಪ್ಪ ಅವ್ವ ಇಟ್ಟ ಹೆಸರು ಮರೆತು ನಾನಿಟ್ಟ ಅಡ್ಡಹೆಸರೇ ಉಳಿದಿದೆ. ಕೃಷ್ಣೆಯ ಈ ದಂಡೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮುಪ್ಪಿನವರೆಗೂ ಎದೆ ಉಬ್ಬಿಸಿಕೊಂಡೇ ತಿರುಗಿದೆ.

ಹೊಳೆ ಎರಡನೇ ಸಲ ಮನೆಯೊಳಗೆ ಬಂದು ಹೋದ ವರ್ಷದ ಚಳಿಗಾಲ ಅದು. ಗೋಡೆಯ ಪಸೆ ಇನ್ನೂ ಆರಿರಲಿಲ್ಲ. ಊರ ಪಕ್ಕದ ಸಕ್ಕರೆ ಕಾರ್ಖಾನೆಯವರು ಎರಡನೇ ಚಿಮಣಿ ಎಬ್ಬಿಸುವವರಿದ್ದರು. ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದ ನನ್ನ ಮೊಮ್ಮಗಳು ಅಲ್ಲಿ ಮಾತಾಡಿಯೇ ತೀರುತ್ತೇನೆ ಎಂದು ಹಟ ಹಿಡಿದಳು.

ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಮೇಲೆ ಬೂದಿ ಬೀಳುವುದು ಹೊಸದೇನಲ್ಲ. ಹಿಂಡಿದ ಕಬ್ಬಿನ ಸಿಪ್ಪೆ ಉರಿದು ಕರಿ ಎಳ್ಳಿನ ಹಾಗೆ ಇಳಿಯುತ್ತದೆ. ಒಣಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ, ಮುಚ್ಚಲು ಮರೆತ ಮಜ್ಜಿಗೆಯಲ್ಲಿ. ಬೀಗರು ಬಂದರೆ, "ತಗೋರಿ, ನಮ್ಮೂರ ಕರಿ ಸಕ್ಕರಿ" ಎಂದು ನಾನು ನಗಿಸಿ ಕಳಿಸುತ್ತಿದ್ದೆ. ಅವಳು ಮಾತ್ರ ನಗುತ್ತಿರಲಿಲ್ಲ.

ಸಭೆಗೆ ಎರಡು ದಿನ ಮೊದಲು ಬಂದು ಕೇಳಿದಳು, "ಅಜ್ಜಾ, ನಿನ್ನ ಹೊಸಾ ಧೋತರ ಕೊಡು."

"ಯಾಕವ್ವಾ, ಉಟ್ಕೊಂಡ ಕಾಲೇಜಿಗೆ ಹೋಗಾಕಿಯೇನು?"

"ಚೇಷ್ಟಿ ಸಾಕು. ಮಾಳಗಿ ಮ್ಯಾಲ ಕಟ್ಟತೇನಿ. ಏನ್ ಬೀಳತೈತಿ, ಅದನ್ನ ಹಂಗ ತಗೊಂಡ ಹೋಗಿ ಸಾಹೇಬ್ರ ಮುಂದ ಬಿಚ್ಚತೇನಿ."

ಯಡೂರಿನ ಗುಡಿಗೆ ಹೋಗುವಾಗ ಮಾತ್ರ ಉಡುತ್ತಿದ್ದ ಧೋತರ ಅದು. ಕೊಟ್ಟೆ. ಸಭೆಯ ದಿನ ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುತ್ತಿದ್ದಾಗ ಮೇಲೆ ಹತ್ತಿ, ಅವಳು ಮಡಚಿಟ್ಟಿದ್ದ ಧೋತರ ಬಿಚ್ಚಿ ನೋಡಿದೆ. ಬಿದ್ದಿತ್ತು, ತುಂಬಾ ಬಿದ್ದಿತ್ತು. ಆದರೆ ಸಣ್ಣ ಸಣ್ಣ ಚುಕ್ಕೆ. ಹಿಂದಿನ ಕುರ್ಚಿಯವನಿಗೆ ಇದೇನು ಕಾಣಬೇಕು? ನನ್ನ ತಲೆ ಓಡಿತು. ಅಡುಗೆಮನೆಗೆ ಹೋಗಿ ರೊಟ್ಟಿ ಹಂಚಿನ ತಳವನ್ನು ಎರಡೂ ಕೈಯಿಂದ ಉಜ್ಜಿದೆ. ಮತ್ತೆ ಮೇಲೆ ಹತ್ತಿ ಮಸಿಗೈಯನ್ನು ಧೋತರಕ್ಕೆ ಅಲ್ಲಲ್ಲಿ ಬಡಿದೆ, ಕೈ ತೊಳೆದು ಮೊದಲಿನಂತೆ ಮಡಚಿಟ್ಟೆ. ಇವತ್ತು ಕಾರ್ಖಾನೆಯವರ ಮುಖ ನೋಡಬೇಕು ಎಂದು ಒಬ್ಬನೇ ನಕ್ಕೆ.

ಪೆಂಡಾಲಿನಲ್ಲಿ ಕಾರ್ಖಾನೆಯವರು ಮಾಡಿಸಿದ್ದ ಸಿಹಿ ಶಿರಾದ ವಾಸನೆ ತುಂಬಿತ್ತು. ಅವಳ ಸರದಿ ಬಂತು. ಮಡಚಿದ ಧೋತರ ಕಂಕುಳಲ್ಲಿಟ್ಟುಕೊಂಡು ಮೈಕಿನ ಮುಂದೆ ನಿಂತಳು.

"ಸಾಹೇಬ್ರ, ಇಲ್ಲಿ ಸಕ್ಕರಿ ದೂರದ ಊರಿಗೆ ಹೋಗತೈತ್ರಿ. ಲಾಭ ಇನ್ನೂ ದೂರ ಹೋಗತೈತಿ. ಬೂದಿ ಮಾತ್ರ ಎಲ್ಲೂ ಹೋಗಂಗಿಲ್ಲ, ನಮ್ಮಲ್ಲೇ ಇಳೀತೈತಿ. ಜಗತ್ತಿನ ಹೊಗಿ ಎಲ್ಲಾ ಕೂಡಿ ಮಳಿ ಕೆಡಿಸೈತಿ ಅಂತಾರ. ಆದ್ರ ಹೊಗಿ ಬಿಟ್ಟವ್ರ ಮನ್ಯಾಗ ಹೊಳಿ ಬರಲಿಲ್ರಿ, ನಮ್ಮ ಮನ್ಯಾಗ ಬಂತು. ನಮ್ಮ ಮನಿಗೆ ಚಿಮಣಿ ಎಲ್ಲೈತ್ರಿ? ಕಾರ್ಖಾನಿ ಬ್ಯಾಡ ಅನ್ನಂಗಿಲ್ಲ ನಾ, ನಮ್ಮ ಕಬ್ಬೂ ಇಲ್ಲೇ ಬರತೈತಿ. ಬೂದಿ ಹಿಡಿಯೂ ಯಂತ್ರ ಕುಂದರಸ್ರಿ, ಕೆಡಿಸಿದ್ದಕ್ಕ ನೀವ ಜವಾಬ್ದಾರಿ ಹೊರ್ರಿ. ಆಮ್ಯಾಲ ಎರಡನೇ ಚಿಮಣಿ ಮಾತಾಡೂಣು."

ಜನ ಸುಮ್ಮನೆ ಕೇಳುತ್ತಿದ್ದರು. ಆ ಊರಿನಲ್ಲಿ ಅಂಥ ಮೌನವನ್ನು ನಾನು ಯಾವತ್ತೂ ಸಂಪಾದಿಸಿರಲಿಲ್ಲ. ಆಮೇಲೆ ಅವಳು ಧೋತರ ಬಿಚ್ಚಿದಳು.

ಕಾರ್ಖಾನೆಯ ಅಧಿಕಾರಿ ಎದ್ದು ಬಂದ. ಸಾವಕಾಶವಾಗಿ ನೋಡಿದ. ಮಸಿಯ ಮೇಲೆ ತನ್ನ ಅಂಗೈ ಅಗಲಿಸಿ ಹಿಡಿದ. ಬೆರಳಿಗೆ ಬೆರಳು ಕೂಡಿತು.

"ಅಲ್ಲವಾ ತಂಗಿ," ಅಂದ ಮೈಕಿನಲ್ಲೇ, "ನಮ್ಮ ಚಿಮಣಿಗೆ ಬೆರಳು ಯಾವಾಗ ಬಂದೂ?"

ಪೆಂಡಾಲು ಹಾರಿಹೋಗುವಂತೆ ಜನ ನಕ್ಕರು. ಎಂಥ ಮಾತು! ನಾನೇ ಆಡಬೇಕಾದ ಮಾತು. ಮೊಮ್ಮಗಳು ಧೋತರ ನೋಡಿದಳು, ಆಮೇಲೆ ನನ್ನನ್ನು.

ನಾನು ಎದ್ದು ನಿಂತೆ. "ಸಾಹೇಬ್ರ, ಆ ಬೆರಳು ನನ್ನವು ರೀ! ಹುಡುಗಿಗೆ ಗೊತ್ತಿಲ್ಲ. ಸಣ್ಣ ಚುಕ್ಕಿ ಅದಾವಲ್ರಿ, ಅವಷ್ಟ ಚಿಮಣೀವು!"

ನಗು ಇಮ್ಮಡಿಯಾಯಿತು. "ಅಜ್ಜಗ ಮೈಕ್ ಕೊಡ್ರಿಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಿಳ್ಳೆ ಬಿತ್ತು. ಅಜ್ಜ ಹೊಸ ಆಟ ಹೂಡಿದ್ದಾನೆ ಎಂದುಕೊಂಡಿದ್ದರು. ನಾನು ಕೈ ಮುಗಿದೆ, ಅದಕ್ಕೂ ನಕ್ಕರು. ಜೀವಮಾನವೆಲ್ಲ ಬೇಡಿ ಪಡೆದ ನಗುವನ್ನು ಆ ದಿನ ನಿಲ್ಲಿಸಲು ನನ್ನಿಂದ ಆಗಲಿಲ್ಲ. "ಉಳದ ಚುಕ್ಕಿ ನೋಡ್ರಿ" ಎಂದು ಅವಳು ಹೇಳುತ್ತಲೇ ಇದ್ದಳು. ಮುಂದಿನವರನ್ನು ಕರೆದರು.

ಮನೆಯ ಹಾದಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ಬಿದ್ದಿದ್ದು ನಿನಗ ಕಡಿಮಿ ಅನಿಸ್ತೇನಜ್ಜಾ?"

ವರ್ಷಗಟ್ಟಲೆ ಅದನ್ನು ಮಜ್ಜಿಗೆಯಲ್ಲಿ ಕುಡಿದು, ಕರಿ ಸಕ್ಕರೆ ಎಂದು ನಕ್ಕು, ಕೊನೆಗೆ ಕಣ್ಣಿಗೇ ಕಾಣದಷ್ಟು ಸಣ್ಣದು ಮಾಡಿಕೊಂಡವನು ನಾನೇ ತಾನೆ.

ಎರಡನೇ ಚಿಮಣಿ ಎದ್ದಿತು. ಬಸ್ ಸ್ಟ್ಯಾಂಡಿನ ಹುಡುಗರು ಅವಳಿಗೆ ಹೊಸ ಹೆಸರಿಟ್ಟರು. "ಬೆರಳಿನ ಚಿಮಣಿ ಬಂತು ನೋಡ್ರಲೇ!" ನಾನು ಅವಳ ಜೊತೆ ಹೋಗಿ ನಿಂತು, ಎರಡೂ ಕೈ ಎತ್ತಿ ತೋರಿಸಿ, "ಇವ ಆ ಬೆರಳು, ನನಗ ಅನ್ರಿ" ಎನ್ನುತ್ತಿದ್ದೆ. ಹುಡುಗರು ಇನ್ನಷ್ಟು ನಗುತ್ತಿದ್ದರು. ಇಟ್ಟ ಹೆಸರು ಹೇಗೆ ಅಂಟುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೀಳುವುದು ಹೇಗೆಂದು ಮಾತ್ರ ನಾನು ಕಲಿತಿರಲಿಲ್ಲ.

ಅವಳು ಬಿಡಲಿಲ್ಲ. ಬೆಳಗಾವಿಯ ಮಾಲಿನ್ಯ ನಿಯಂತ್ರಣ ಕಚೇರಿಗೆ ತೋರಿಸಬೇಕು ಎಂದು, ಮಸಿ ತೊಳೆದಿಟ್ಟಿದ್ದ ಧೋತರವನ್ನೇ ಮತ್ತೆ ಕೇಳಿದಳು. ಮಾಳಿಗೆಯ ಮೇಲೆ ಕಟ್ಟಿ, ನನ್ನನ್ನು ಪಕ್ಕದಲ್ಲಿ ಕೂಡಿಸಿದಳು.

"ಯಾರೂ ಮುಟ್ಟದಂಗ ಕಾಯಿ."

"ನನ್ನ ನಂಬತೀಯೇನವ್ವಾ?"

"ಇಲ್ಲ. ಕೈ ಕಟ್ಕೊಂಡ ಕೂಡ್ರು."

ಕೂತೆ. ಗಾಳಿ ಈ ಕಡೆ ತಿರುಗಿದಾಗ ಒಂದು ಕರಿ ಚುಕ್ಕೆ ಬಂದು ಧೋತರದ ಮೇಲೆ ಕೂತಿತು, ಅದರ ಹಿಂದೆ ಇನ್ನೊಂದು. ಪಕ್ಕದ ಮಾಳಿಗೆಯ ಹೆಂಗಸು, "ಏನ್ರಿ ಅಜ್ಜಾ, ಇವತ್ತ ಭಾಳ ಶಾಣ್ಯಾರಾಗೀರಿ?" ಎಂದು ಕೆಣಕಿದಳು. ಬಾಯಿಗೆ ಬಂದ ಚೇಷ್ಟೆಯ ಮಾತನ್ನು ನುಂಗಿಕೊಂಡೆ.