ಅಕ್ಷತೆಯ ಫೋಟೋಗೆ ಸಿಕ್ಕ ಹೊಗಳಿಕೆ

ಬೈಲಹೊಂಗಲದ ನನ್ನ ಗಂಡನ ಸ್ಟುಡಿಯೋದಲ್ಲಿ ನಾನು ಕ್ಯಾಮೆರಾ ಹಿಡಿದದ್ದು ತೊಂಬತ್ತರ ದಶಕದ ಕೊನೆಗೆ. ಮದುಮಗಳನ್ನು ಸಿಂಗರಿಸುವ ಕೋಣೆಗೆ ಗಂಡಸರನ್ನು ಬಿಡುತ್ತಿರಲಿಲ್ಲವೆಂದು ಯಜಮಾನರು ನನ್ನನ್ನು ಕಳಿಸುತ್ತಿದ್ದರು. ಬರಬರುತ್ತ ಇಡೀ ಮದುವೆಯನ್ನೇ ನಾನು ತೆಗೆಯತೊಡಗಿದೆ.

ಒಂದು ಭಾನುವಾರ ಸುತ್ತಲಿನ ಊರುಗಳ ಫೋಟೋಗ್ರಾಫರುಗಳು ಕಿತ್ತೂರಿನಲ್ಲಿ ಸೇರಿದರು. ಒಬ್ಬೊಬ್ಬರು ತಂದ ಮದುವೆ ಫೋಟೋ ನೋಡಿ ಸವದತ್ತಿಯ ಹಿರಿಯರೊಬ್ಬರು ಸರಿತಪ್ಪು ಹೇಳುವುದೆಂದು ನಿಶ್ಚಯವಾಗಿತ್ತು. ಹೆಂಗಸು ನಾನೊಬ್ಬಳೇ. ನೇಸರಗಿಯ ಮದುವೆಯಲ್ಲಿ ಅಕ್ಷತೆ ಹಾಕುವಾಗ ತೆಗೆದದ್ದನ್ನು ಒಯ್ದಿದ್ದೆ.

ಹಿರಿಯರು ಯಾರನ್ನೂ ಬಿಡಲಿಲ್ಲ. "ಟ್ಯೂಬ್‌ಲೈಟ್ ಮದುಮಗನ ತಲಿಯಾಗಿಂದ ಎದ್ದೈತಿ, ಕಣ್ಣ ಮುಚ್ಚಿಕೊಂಡ ತಗದಿಯೇನ?" ಎಂದು ರಾಮದುರ್ಗದವರೊಬ್ಬರನ್ನು ಬೈದರು. ನನ್ನ ಫೋಟೋ ಬಂತು. ಅರೆಗಳಿಗೆ ನೋಡಿ ಪಕ್ಕಕ್ಕಿಟ್ಟರು.

"ಹೆಣ್ಮಗಳಾಗಿ ಇಷ್ಟ ತಗದೀರಲ್ಲ, ಭಾಳ ಚಲೋ ಆತ್ರಿ ಅಕ್ಕಾರ."

"ತಪ್ಪೇನೈತಿ ಅದನ್ನ ಹೇಳ್ರಿ ಸರ್," ಎಂದೆ.

"ತಪ್ಪ ತಗೊಂಡು ನೀವೇನ್ ಮಾಡ್ತೀರಿ? ಮನಿ, ಮಕ್ಕಳು ನೋಡ್ಕೊಂಡು ಇಷ್ಟ ಮಾಡೂದ ದೊಡ್ಡದು."

ಎಲ್ಲರೂ ನಕ್ಕರು. ನನ್ನ ಯಜಮಾನರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಗೋಡೆಗೆ ಆ ಹಿರಿಯರೇ ತೆಗೆದ ದೊಡ್ಡ ಫೋಟೋ ತೂಗುಹಾಕಿದ್ದರು: ಟ್ರಿಕ್ ಮಾಡಿ ಕಮಲದ ಹೂವಿನೊಳಗೆ ಕೂರಿಸಿದ ಮದುಮಗಳು. ನಾನು ಎದ್ದು ನಿಂತೆ.

"ನಿಮ್ಮ ಫೋಟೋದ ತಪ್ಪ ನಾ ಹೇಳ್ತೇನ್ರಿ. ಆ ಹುಡುಗಿ ನಮ್ಮ ಓಣಿಯಾಕಿ, ಬಣ್ಣ ಕಪ್ಪು. ಬೆಳ್ಳಗ ಮಾಡಾಕ ಹೋಗಿ ಆಕಿ ಮೂಗು, ಗದ್ದ ಎಲ್ಲಾ ಅಳಿಸೀರಿ. ಕಮಲ ಚಂದ ಬಂದೈತಿ, ಹುಡುಗಿ ಬಂದಿಲ್ಲ."

"ಮನಿಯವರ ಹಂಗ ಕೇಳಿದ್ರು," ಎಂದರು ಅವರು. ಮುಖ ಕೆಂಪಾಗಿತ್ತು.

"ಕೇಳಿರಬೇಕು. ಆದ್ರ ಆ ಹುಡುಗಿ ಅವ್ವನ ಅದನ್ನ ನೋಡಿ, ಇಕಿ ಯಾರು ಅಂತಾಳ."

ನಾನು ನನ್ನ ಫೋಟೋ ಎತ್ತಿಕೊಂಡು ಹೊರಬಂದೆ.

ಬೈಸಿಕೊಂಡಿದ್ದ ರಾಮದುರ್ಗದವರು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬಂದರು. "ಅಕ್ಕಾರ, ತಪ್ಪೈತ್ರಿ. ಮಂದಿ ಕೈ ಎತ್ತಿದ ಕೂಡಲೇ ಬಟನ್ ಒತ್ತೀರಿ, ಮದುಮಕ್ಕಳ ಮಾರಿ ಮುಚ್ಚೇತಿ. ಸ್ಟೂಲ್ ಮ್ಯಾಲ ನಿಂದರ್ರಿ. ಅಕ್ಕಿ ಕೈ ಬಿಡೂತನಕ ತಡೀರಿ."

ಫೋಟೋ ನೋಡಿದೆ. ಅವರ ಮಾತು ಖರೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಇದನ್ನ ಒಳಗ ಯಾಕ ಹೇಳಲಿಲ್ರಿ?"

"ಹಿರ್ಯಾರ ಮುಂದ ಹೆಂಗ್ ಹೇಳೂದ್ರಿ..."

ಬಸ್ಸಿನಲ್ಲಿ ಯಜಮಾನರು, "ಅಷ್ಟ ಮಂದ್ಯಾಗ ಅಷ್ಟ ಸಿಟ್ಟ ಯಾಕ ಮಾಡಿದಿ?" ಎಂದರು.

"ನೀವ್ ಯಾಕ ನಕ್ರಿ?"



ಮುಂದಿನ ಮದುವೆ ಚಚಡಿಯಲ್ಲಿತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸ್ಟೂಲ್ ಹತ್ತಿದೆ. ಬೀಗರ ಕಡೆಯವರು ಗುಸುಗುಸು ಮಾಡಿದರು, ಮಾಡಲಿ ಎಂದುಕೊಂಡೆ. ಕೈಗಳು ಎದ್ದವು, ತಡೆದೆ. ಅಕ್ಕಿ ಗಾಳಿಯಲ್ಲಿದ್ದಾಗ ಒತ್ತಿದೆ. ಪ್ರಿಂಟ್ ಬಂದ ದಿನ ಯಜಮಾನರು ಅದನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು.

"ಎಡಕ್ಕ ಮಂತ್ರ ಹೇಳೂ ಅಯ್ಯನವರ ಮೊಳಕೈ ಬಂದೈತಿ ನೋಡು," ಎಂದರು.